ಗೊಬ್ಬರ ಕೇಳದ ಗಿಡಗಳು

ಪುಷ್ಯ ಮಳೆ ನಾಲ್ಕು ದಿನ ಸರಿಯಾಗಿ ಹಿಡಿಯಿತೆಂದರೆ ಕೊರಟಗೆರೆ ಕಡೆಯ ಹಾಸುಬಂಡೆಗಳ ಬುಡದಲ್ಲಿ ನೀರು ಜಿನುಗತೊಡಗುತ್ತದೆ. ಬಂಡೆಯ ಮೈಮೇಲೆ ಬಿದ್ದದ್ದೆಲ್ಲ ಜಾರಿ ಬಂದು ಅಂಚಿನ ಗರಸಿನಲ್ಲಿ ಸೇರುತ್ತದೆ. ಕೆಳಗೂ ಬಂಡೆಯೇ ಇರುವುದರಿಂದ ಇಂಗುವುದಕ್ಕೆ ದಾರಿಯಿಲ್ಲ. ಹಾಗಾಗಿ ಮೂರು–ನಾಲ್ಕು ತಿಂಗಳು ಅಲ್ಲೊಂದು ಮೊಳದಗಲದ ಒದ್ದೆ ಪಟ್ಟಿ. ಮಣ್ಣು ಅನ್ನುವಂಥದ್ದು ಎರಡು ಬೆರಳು ದಪ್ಪ ಇದ್ದರೆ ಹೆಚ್ಚು, ಅದೂ ಕಲ್ಲು ಸವೆದು ಆದ ಮರಳು. ಪ್ರತಿ ಮಳೆಗೂ ತೊಳೆದು ತೊಳೆದು ಅದರಲ್ಲಿ ಸಾರ ಅನ್ನುವುದು ಉಳಿದಿರುವುದಿಲ್ಲ. ಹುಲ್ಲು ಕೂಡ ಅಲ್ಲಿ ಬಡಕಲು. ಆದರೆ ಮಂಡಿಯೂರಿ ನೋಡಿದರೆ ನೆಲಕ್ಕೆ ಒತ್ತಿಕೊಂಡ ಕೆಂಪು ಚಕ್ರಗಳು ಕಾಣುತ್ತವೆ, ಒಂದೊಂದೂ ರೂಪಾಯಿ ನಾಣ್ಯದಗಲ. ಎಲೆಯ ತುಂಬ ಕೆಂಪು ಕೂದಲು, ಕೂದಲಿನ ತುದಿಗೊಂದು ಹನಿ. ಬೆಳಗಿನ ಇಬ್ಬನಿ ಆರಿಹೋದ ಮೇಲೂ, ನಡುಮಧ್ಯಾಹ್ನದ ಬಿಸಿಲಲ್ಲೂ ಆ ಹನಿ ಹಾಗೇ ಇರುತ್ತದೆ, ಏಕೆಂದರೆ ಅದು ಅಂಟು.

ಇದು ಕೀಟ ತಿನ್ನುವ ಗಿಡ, ಹೆಸರು ಡ್ರೋಸೆರಾ ಬರ್ಮನ್ನಿ. ಸ್ವಲ್ಪ ಆಚೆ, ಹುಲ್ಲಿನ ನಡುವೆ ಗೇಣುದ್ದ ಎದ್ದು, ಎಳೆಎಳೆಯಾದ ಎಲೆ ಚಾಚಿಕೊಂಡು ಗುಲಾಬಿ ಹೂ ಬಿಡುವುದು ಡ್ರೋಸೆರಾ ಇಂಡಿಕಾ. ದೇವರಾಯನದುರ್ಗದ ಸುತ್ತ ಮಳೆಗಾಲದಲ್ಲಿ ಓಡಾಡುವ ಅಭ್ಯಾಸ ಇರುವವರಿಗೆ ಎರಡೂ ಹೊಸತಲ್ಲ. ಆದರೂ ನಮ್ಮ ತುಮಕೂರು ಜಿಲ್ಲೆಯಲ್ಲಿ ಕೀಟ ತಿನ್ನುವ ಗಿಡ ಅಂದ ತಕ್ಷಣ ಜನರ ಕಣ್ಣ ಮುಂದೆ ಬರುವುದು ಶಾಲೆಯ ಪಠ್ಯದಲ್ಲಿ ನೋಡಿದ ಹೂಜಿ ಗಿಡದ ಚಿತ್ರ, ಇಲ್ಲವೇ ಮೊಬೈಲಿನಲ್ಲಿ ನೋಡಿದ, ಬಾಯಿ ಮುಚ್ಚಿ ನೊಣ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್. ಎರಡೂ ದೂರದೂರಿನವು. ಅವನ್ನು ತರಿಸಿ, ಒಂದು ಬೇಸಿಗೆಯಲ್ಲಿ ಕಳೆದುಕೊಂಡು, ‘ನಮ್ಮ ಹವೆಗೆ ಇವೆಲ್ಲ ಆಗಲ್ಲ ಬಿಡಿ’ ಎಂದು ಕೈಬಿಟ್ಟವರನ್ನು ಬಹಳ ಜನ ನೋಡಿದ್ದೇನೆ. ನಮ್ಮ ಹವೆಗೆ ಆಗುವಂಥವು ಇವೆ. ಅವು ಬೀಜದಿಂದ ಬರುತ್ತವೆ, ನಮ್ಮ ಮಳೆ ನಕ್ಷತ್ರಗಳ ಲೆಕ್ಕಕ್ಕೇ ಬರುತ್ತವೆ. ಅದನ್ನು ವಿವರವಾಗಿ ಬರೆದಿಡಬೇಕು ಅನ್ನಿಸಿದೆ.

ನನ್ನದು ತುಮಕೂರಿನಲ್ಲಿ ಬೀಜ–ಗೊಬ್ಬರದ ಅಂಗಡಿ. ಮುಂಗಾರು ಶುರುವಾದರೆ ಬೆಳಗಿನಿಂದ ಸಂಜೆವರೆಗೆ ರಾಗಿ, ತೊಗರಿ, ಅಲಸಂದೆ, ಡಿಎಪಿ, ಯೂರಿಯಾ. ಮನೆಯ ತಾರಸಿಯಲ್ಲಿ ಈ ಗಿಡಗಳು. ಅಂಗಡಿಯಿಂದ ಬಂದವನು ಕೈ ತೊಳೆಯದೆ ಒಂದು ಕುಂಡವನ್ನೂ ಮುಟ್ಟುವುದಿಲ್ಲ. ಯೂರಿಯಾದ ಪುಡಿ ಬೆರಳಿನಲ್ಲಿದ್ದರೂ ಇವಕ್ಕೆ ಕೇಡು. ಇವುಗಳ ಬೇರು ತೀರ ಸಣ್ಣದು, ನೀರು ಹೀರುವುದಕ್ಕೆ, ನೆಲ ಹಿಡಿದುಕೊಳ್ಳುವುದಕ್ಕೆ ಎಷ್ಟು ಬೇಕೋ ಅಷ್ಟೆ. ತನಗೆ ಬೇಕಾದ ಸಕ್ಕರೆಯನ್ನು ಉಳಿದ ಗಿಡಗಳ ಹಾಗೆ ಎಲೆಯಲ್ಲೇ, ಬಿಸಿಲಿನಿಂದಲೇ ಮಾಡಿಕೊಳ್ಳುತ್ತವೆ. ಕೀಟದಿಂದ ಅವು ತೆಗೆದುಕೊಳ್ಳುವುದು ಮುಖ್ಯವಾಗಿ ಸಾರಜನಕ ಮತ್ತು ರಂಜಕ. ನಾನು ಚೀಲಗಟ್ಟಲೆ ಮಾರುವ ಅದೇ ಎರಡು ಸಾಮಾನು. ನೆಲದಲ್ಲಿ ಸಿಗದೆ ಇರುವುದನ್ನು ಎಲೆಯಿಂದ ಸಂಪಾದಿಸಲು ಕಲಿತ ಗಿಡಕ್ಕೆ ಅದನ್ನು ಬೇರಿಗೇ ಸುರಿದರೆ ಬೇರು ಸುಟ್ಟುಹೋಗುತ್ತದೆ.

ಅಮ್ಮನಿಗೆ ಇದನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ‘ಅಷ್ಟು ಬಡಕಲಾಗಿದೆಯಲ್ಲೋ, ಒಂದು ಚಿಟಿಕೆ ಗೊಬ್ಬರ ಹಾಕಬಾರ್ದಾ? ಅಂಗಡಿ ತುಂಬ ಇಟ್ಕೊಂಡಿದೀಯ’ ಅಂತ ಕೇಳೋರು.

‘ಹಾಕಿದ್ರೆ ಸತ್ತೋಗುತ್ತಮ್ಮ.’

‘ಅಕ್ಕಿ ತೊಳೆದ ನೀರು?’

‘ಅದೂ ಬೇಡ.’

‘ಬೋರ್ ನೀರಾದ್ರೂ ಹಾಕ್ಲಾ?’

‘ಅದಂತೂ ಬೇಡವೇ ಬೇಡ.’

‘ಹಂಗಾದ್ರೆ ಪಥ್ಯದ ಗಿಡ ಅನ್ನು’ ಅಂದರು. ಅಲ್ಲಿಂದೀಚೆಗೆ ನಾನು ಊರಲ್ಲಿ ಇಲ್ಲದಾಗ ತಟ್ಟೆಗಳಿಗೆ ಮಳೆನೀರು ಹಾಕುವವರು ಅವರೇ. ‘ಪಥ್ಯದ ಗಿಡ’ ಅನ್ನುವುದಕ್ಕಿಂತ ಸರಿಯಾಗಿ ಹೇಳಿದ ಮಾತನ್ನು ನಾನು ಇನ್ನೂ ಕೇಳಿಲ್ಲ.

ನೀರಿನ ವಿಷಯವನ್ನೇ ಮೊದಲು ಹೇಳಬೇಕು, ಏಕೆಂದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಈ ಗಿಡಗಳು ಸಾಯುವುದು ಬಿಸಿಲಿಗಿಂತ ಹೆಚ್ಚಾಗಿ ನೀರಿನಿಂದ. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಬೋರ್‌ಗಳು ಎಷ್ಟೋ ಕಡೆ ಸಾವಿರ ಅಡಿ ದಾಟಿವೆ, ಆಳದ ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತ ನೀರು ಕಲ್ಲಿನ ಉಪ್ಪುಗಳನ್ನೆಲ್ಲ ಕರಗಿಸಿಕೊಂಡೇ ಮೇಲೆ ಬರುತ್ತದೆ. ಪಾವಗಡದ ಕಡೆ ಫ್ಲೋರೈಡಿನಿಂದ ಜನರ ಹಲ್ಲು, ಮೂಳೆ ಏನಾಗಿವೆ ಅನ್ನುವುದು ನಮಗೆಲ್ಲ ಗೊತ್ತು. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ಭಾರತೀಯ ಮಾನಕ. ಬೇರೆ ನೀರೇ ಸಿಗದ ಕಡೆ 2000ದವರೆಗೂ ನಡೆಯಬಹುದು ಅನ್ನುತ್ತದೆ. ಕೀಟಾಹಾರಿ ಗಿಡ ಬೆಳೆಸುವವರು ಇಟ್ಟುಕೊಂಡಿರುವ ಗಡಿ ಸುಮಾರು 50. ನಾವು ಕುಡಿಯುವ ನೀರಿಗಿಂತ ಹತ್ತು ಪಟ್ಟು ಹಗುರವಾದ ನೀರು ಬೇಕು ಅಂದ ಹಾಗಾಯಿತು.

ಅದು ಸಿಗುವ ದಾರಿಗಳು ಇಲ್ಲೇ ಇವೆ. ಮಳೆನೀರಿಗೆ ಸಮ ಯಾವುದೂ ಇಲ್ಲ. ತಾರಸಿಯ ಮೊದಲ ಮಳೆಯ ನೀರನ್ನು, ಧೂಳು ಮತ್ತು ಹಕ್ಕಿ ಹಿಕ್ಕೆ ತೊಳೆದುಹೋಗಲಿ ಅಂತ ಬಿಟ್ಟುಬಿಡಿ. ಆಮೇಲಿನದನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಿಡಿದು ಬಾಯಿಗೆ ಬಟ್ಟೆ ಕಟ್ಟಿ ಇಡಿ. ಸಿಮೆಂಟಿನ ಸಂಪಿನಲ್ಲಿ ಹಿಡಿದರೆ ಸಿಮೆಂಟಿನ ಸುಣ್ಣ ನೀರಿಗೆ ಇಳಿಯುತ್ತದೆ, ಅದು ಬೇಡ. ಎರಡನೆಯದು ಹಳ್ಳಿಹಳ್ಳಿಯಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ. ಆದರೆ ಕೆಲವು ಘಟಕಗಳಲ್ಲಿ ರುಚಿಗೆಂದು ಸ್ವಲ್ಪ ಬೋರ್ ನೀರನ್ನು ಮತ್ತೆ ಬೆರೆಸುತ್ತಾರೆ. ಹಾಗಾಗಿ ನೀರಿನಲ್ಲಿ ಕರಗಿದ ಲವಣ ಅಳೆಯುವ, ಪೆನ್ನಿನಷ್ಟು ದೊಡ್ಡ ಟಿಡಿಎಸ್ ಮೀಟರ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು. ತೀರ ಅಡಚಣೆಯಾದರೆ ಯುಪಿಎಸ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಂಗಡಿಯಲ್ಲಿ ಸಿಗುತ್ತದೆ, ನಾಲ್ಕು ಕುಂಡಕ್ಕೆ ಒಂದು ವಾರ ಸಾಗುತ್ತದೆ.

ಮಣ್ಣಿನ ಬಗ್ಗೆ ಪುಸ್ತಕಗಳೆಲ್ಲ ಪೀಟ್ ಅನ್ನುತ್ತವೆ. ಪೀಟ್ ಅಂದರೆ ಚಳಿದೇಶದ ಜೌಗಿನಲ್ಲಿ ಸ್ಫ್ಯಾಗ್ನಮ್ ಪಾಚಿ ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಆದದ್ದು. ಅದನ್ನು ಹಡಗಿನಲ್ಲಿ ತರಿಸಿ ಇಲ್ಲಿ ಕುಂಡಕ್ಕೆ ತುಂಬುವುದು ನನಗೆ ಒಗ್ಗಲಿಲ್ಲ. ನಮ್ಮ ಜಿಲ್ಲೆಯಲ್ಲೇ ತಿಪಟೂರು ಇದೆ, ಗುಬ್ಬಿ, ತುರುವೇಕೆರೆ ಇವೆ, ತೆಂಗಿನ ನಾರಿನ ಪುಡಿಗೆ ಬರವಿಲ್ಲ. ಆದರೆ ತೆಂಗಿನ ಸಿಪ್ಪೆಯಲ್ಲಿ ಸ್ವಾಭಾವಿಕವಾಗಿಯೇ ಪೊಟ್ಯಾಶ್, ಸೋಡಿಯಂ ಉಪ್ಪುಗಳು ಹೆಚ್ಚು. ಪೇಟೆಯಲ್ಲಿ ಸಿಗುವ ನಾರಿನ ಪುಡಿಯ ಇಟ್ಟಿಗೆಯನ್ನು ನೆನೆಸಿ ಹಾಗೇ ಬಳಸಿದರೆ ಟೊಮೆಟೊ ಸಸಿಗೆ ತೊಂದರೆಯಾಗದು, ಡ್ರೋಸೆರಾ ಉಳಿಯದು. ಗೋಣಿಚೀಲದಲ್ಲಿ ಕಟ್ಟಿ, ಮಳೆಗಾಲದ ಉದ್ದಕ್ಕೂ ತಾರಸಿಯ ನೀರು ಬೀಳುವ ಪೈಪಿನ ಕೆಳಗೆ ಇಟ್ಟುಬಿಡುವುದು ನನ್ನ ಪದ್ಧತಿ. ತೊಳೆದದ್ದು ಸಾಕೋ ಸಾಲದೋ ಅನ್ನುವುದಕ್ಕೆ ಪರೀಕ್ಷೆ ಸುಲಭ: ಒಂದು ಹಿಡಿ ಪುಡಿಯನ್ನು ಮಳೆನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿಂಡಿದ ನೀರಿಗೆ ಮೀಟರ್ ಅದ್ದಿ. ಅಂಕಿ ಐವತ್ತು ದಾಟಿದರೆ ಮತ್ತೆ ಪೈಪಿನ ಕೆಳಗೆ.

ಇದಕ್ಕೆ ಅರ್ಧಕ್ಕರ್ಧ ಮರಳು ಬೇಕು. ಬಂಡೆಯಿಂದ ಕೊಚ್ಚಿ ಬಂದು ಹಳ್ಳದಲ್ಲಿ ಕೂತ ಒರಟು ಮರಳನ್ನು, ತೊಳೆದ ನೀರು ತಿಳಿಯಾಗುವವರೆಗೆ ತೊಳೆದು ಬೆರೆಸುತ್ತೇನೆ. ಕೊರಟಗೆರೆ ಬಂಡೆಯ ಬುಡದಲ್ಲಿ ಡ್ರೋಸೆರಾ ಬೆಳೆದಿರುವುದು ಇಂಥ ಮರಳಿನಲ್ಲೇ, ಅಲ್ಲಿ ಪೀಟ್ ಎಲ್ಲಿಂದ ಬರಬೇಕು? ಕುಂಡ ಪ್ಲಾಸ್ಟಿಕ್ಕಿನದೇ ಆಗಲಿ. ಮಣ್ಣಿನ ಕುಂಡ ಚೆಂದ, ಆದರೆ ತಟ್ಟೆಯ ನೀರಿನಲ್ಲಿ ಸದಾ ನಿಂತರೆ ಮೈಮೇಲೆ ಬಿಳಿ ಉಪ್ಪು ಕಟ್ಟುತ್ತದೆ.

ಬೀಜ ಕೊಳ್ಳುವ ಬಗ್ಗೆ ಒಂದು ಮಾತನ್ನು ಅಂಗಡಿಯವನಾಗಿ ಹೇಳಲೇಬೇಕು. ನಾನು ಮಾರುವ ಪ್ರತಿ ರಾಗಿ ಚೀಲದ ಮೇಲೆ ತಳಿಯ ಹೆಸರು, ಲಾಟ್ ನಂಬರು, ಮೊಳಕೆಯ ಪ್ರಮಾಣ, ಪರೀಕ್ಷೆ ಮಾಡಿದ ದಿನಾಂಕ ಇರುತ್ತವೆ. ರೈತ ಮೊದಲು ನೋಡುವುದು ಅದನ್ನೇ. ಅಂತರ್ಜಾಲದಲ್ಲಿ ನೀಲಿ, ನೇರಳೆ ಬಣ್ಣದ ವೀನಸ್ ಫ್ಲೈಟ್ರ್ಯಾಪ್ ಚಿತ್ರ ಹಾಕಿ ಮಾರುವ ಪೊಟ್ಟಣಗಳ ಮೇಲೆ ಇದಾವುದೂ ಇರುವುದಿಲ್ಲ. ನೀಲಿ ಬಣ್ಣದ ಫ್ಲೈಟ್ರ್ಯಾಪ್ ಅನ್ನುವುದೇ ಇಲ್ಲ. ಇರುವವು ಹಸಿರು, ಕೆಂಪು, ಇವೆರಡರ ನಡುವಿನವು. ಅದರ ನಿಜವಾದ ಬೀಜ ಕಪ್ಪಗೆ, ಹೊಳೆಯುತ್ತ, ಎಳ್ಳಿಗಿಂತ ಚಿಕ್ಕದಾಗಿ, ಒಂದು ತುದಿ ಚೂಪಾಗಿ ಇರುತ್ತದೆ. ಪೊಟ್ಟಣದಲ್ಲಿ ಬರುವುದು ಎಷ್ಟೋ ಸಲ ಯಾವುದೋ ಹುಲ್ಲಿನ ಬೀಜ. ಮಕ್ಕಳು ತಿಂಗಳಿಡೀ ನೀರು ಹಾಕಿ ಕಾಯುತ್ತವೆ, ಕೊನೆಗೆ ಕಳೆ ಹುಟ್ಟುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬೀಜದ ವ್ಯಾಪಾರ ನಂಬಿಕೆಯ ವ್ಯಾಪಾರ.

ನಿಜವಾದ ಬೀಜವೇ ಸಿಕ್ಕಿದರೂ ಫ್ಲೈಟ್ರ್ಯಾಪ್‌ನಿಂದ ಶುರು ಮಾಡಬೇಡಿ ಅನ್ನುತ್ತೇನೆ. ಅದರ ಊರು ಅಮೆರಿಕದ ನಾರ್ತ್ ಕೆರೊಲಿನಾ ಮತ್ತು ಸೌತ್ ಕೆರೊಲಿನಾದ ಕರಾವಳಿ ಬಯಲು, ಜಗತ್ತಿನಲ್ಲಿ ಅದೊಂದೇ ಕಡೆ ಅದು ತಾನಾಗಿ ಬೆಳೆಯುವುದು. ಅಲ್ಲಿ ಚಳಿಗಾಲದಲ್ಲಿ ಹಗಲು ಗಿಡ್ಡವಾಗುತ್ತದೆ, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುತ್ತದೆ, ಗಿಡ ಮೂರು–ನಾಲ್ಕು ತಿಂಗಳು ಮಲಗಿ ಏಳುತ್ತದೆ. ತುಮಕೂರಿನ ಧನುರ್ಮಾಸದ ಚಳಿ ನಮಗೆ ಚಳಿ, ಆ ಗಿಡಕ್ಕೆ ಅಲ್ಲ. ನಿದ್ದೆಯಿಲ್ಲದೆ ಒಂದೆರಡು ವರ್ಷ ಎಳೆದಾಡಿ ಕೊರಗಿ ಹೋಗುತ್ತದೆ. ಬೀಜದಿಂದ ಪೂರ್ತಿ ಬೆಳೆದ ಗಿಡವಾಗಲು ನಾಲ್ಕೈದು ವರ್ಷ ಬೇಕು, ಅಷ್ಟರೊಳಗೆ ನಮ್ಮ ಬೇಸಿಗೆ ಅಷ್ಟೇ ಸಲ ಬಂದುಹೋಗಿರುತ್ತದೆ. ಅಮೆರಿಕದ ಹೂಜಿ ಗಿಡ ಸರಸೀನಿಯಾದ ಬೀಜವಂತೂ ವಾರಗಟ್ಟಲೆ ತಣ್ಣನೆಯ ತೇವದಲ್ಲಿ ಇಟ್ಟರೇ ಸರಿಯಾಗಿ ಮೊಳೆಯುವುದು. ಫ್ರಿಜ್ಜಿನಲ್ಲಿ ಚಳಿಗಾಲ ಮಾಡಿಕೊಟ್ಟು ಇವನ್ನು ಬೆಳೆಸುವವರು ಇದ್ದಾರೆ, ಅವರ ತಾಳ್ಮೆಗೆ ನಮಸ್ಕಾರ.

ನಮ್ಮ ಬರ್ಮನ್ನಿಗೆ ಇಂಥ ಯಾವ ಉಪಚಾರವೂ ಬೇಡ. ಅದು ಒಂದೇ ವರ್ಷದ ಗಿಡ. ಮಳೆಗೆ ಹುಟ್ಟಿ, ಹಿಂಗಾರಿನಲ್ಲಿ ಹೂಬಿಟ್ಟು, ಬೀಜ ಉದುರಿಸಿ, ಬಂಡೆಯ ಬುಡ ಒಣಗುವ ಹೊತ್ತಿಗೆ ಒಣಗಿಹೋಗುತ್ತದೆ. ಜನವರಿ ಕಳೆದ ಮೇಲೆ ಆ ಜಾಗಕ್ಕೆ ಹೋದರೆ ಬರಿಗಾಲು ಸುಡುವ ಮರಳು ಬಿಟ್ಟು ಇನ್ನೇನೂ ಕಾಣದು. ಅಲ್ಲಿ ಗಿಡ ಇಲ್ಲ ಅನ್ನುವಂತಿಲ್ಲ, ಬೀಜವಾಗಿ ಇದೆ. ಊಟಿಯಂಥ ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಡ್ರೋಸೆರಾ ಪೆಲ್ಟಾಟಾ ನೆಲದೊಳಗೆ ಸಣ್ಣ ಗೆಡ್ಡೆಯಾಗಿ ಬೇಸಿಗೆ ಕಳೆಯುತ್ತದೆ; ನಮ್ಮವು ಬೀಜವಾಗಿ ಕಳೆಯುತ್ತವೆ. ಜೌಗು ಅಂದರೆ ವರ್ಷವಿಡೀ ಇರುವ ಜಾಗ ಅಂತ ತಿಳಿದುಕೊಂಡು, ಅದನ್ನು ಕೃತಕವಾಗಿ ಹನ್ನೆರಡು ತಿಂಗಳೂ ತಾರಸಿಯಲ್ಲಿ ಉಳಿಸಿಕೊಳ್ಳಲು ಹೆಣಗಾಡುವುದಕ್ಕಿಂತ, ನಾಲ್ಕು ತಿಂಗಳಿಗೆ ಬಂದುಹೋಗುವ ನಮ್ಮ ಜೌಗಿನ ಜೊತೆ ನಡೆಯುವುದು ಎಷ್ಟೋ ಸಲೀಸು. ಗಿಡ ಒಣಗಿದರೆ ಸೋತೆವು ಅಂತಲ್ಲ. ರಾಗಿ ಪೈರು ಒಣಗಿತು ಅಂತ ಯಾವ ರೈತನೂ ಅಳುವುದಿಲ್ಲ, ಕೊಯ್ಲಿಗೆ ಬಂತು ಅನ್ನುತ್ತಾನೆ.

ಲೆಕ್ಕವೂ ಹೆಚ್ಚು ಕಡಿಮೆ ರಾಗಿಯದೇ. ಪುನರ್ವಸು, ಪುಷ್ಯದಲ್ಲಿ ಬಿತ್ತನೆ. ಹುಬ್ಬೆ, ಉತ್ತರೆ ಹೊತ್ತಿಗೆ ಚಕ್ರ ಕಟ್ಟಿರುತ್ತದೆ. ನಮ್ಮ ಕಡೆ ಹೆಚ್ಚು ಮಳೆ ಬೀಳುವುದೂ ಸೆಪ್ಟೆಂಬರ್–ಅಕ್ಟೋಬರಿನಲ್ಲೇ. ಹಸ್ತ, ಚಿತ್ತೆಯಲ್ಲಿ ಹೂವಿನ ಕಡ್ಡಿ ಏಳುತ್ತದೆ, ರಾಗಿ ಕೊಯ್ಲಿನ ಹೊತ್ತಿಗೆ ಕಾಯಿ ಒಣಗಿ ಒಡೆಯುತ್ತದೆ.

ಬಿತ್ತುವುದು ಹೇಗೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೀಜ ಅಂದರೆ ಕಪ್ಪು ಪುಡಿ. ಒಂದು ರಾಗಿ ಕಾಳಿನ ಪಕ್ಕ ಇಟ್ಟರೆ ಅದರ ಮೂರರಲ್ಲೊಂದು ಭಾಗವೂ ಇರುವುದಿಲ್ಲ. ಫ್ಯಾನ್ ಆರಿಸಿ, ಕಿಟಕಿ ಹಾಕಿ, ಉಸಿರು ಬಿಗಿಹಿಡಿದೇ ಪೊಟ್ಟಣ ಬಿಡಿಸಬೇಕು. ಬಿಳಿ ಕಾಗದವನ್ನು ನಡುವೆ ಮಡಿಚಿ, ಮಡಿಕೆಯಲ್ಲಿ ಬೀಜ ಸುರಿದು, ಕುಂಡದ ಮೇಲೆ ಓರೆ ಹಿಡಿದು ಕಾಗದದ ಹಿಂಭಾಗವನ್ನು ಉಗುರಿನಿಂದ ಮೆಲ್ಲಗೆ ತಟ್ಟುತ್ತ ಹೋದರೆ ಒಂದೊಂದಾಗಿ ಉದುರುತ್ತವೆ. ಮೇಲೆ ಮಣ್ಣು ಎಳೆಯಬಾರದು. ಬೀಜ ಬಿತ್ತಿದ ಮೇಲೆ ಮುಚ್ಚದಿದ್ದರೆ ನಮ್ಮ ಕೈಗೆ ಸಮಾಧಾನ ಇರುವುದಿಲ್ಲ, ಆದರೆ ಈ ಬೀಜಕ್ಕೆ ಮೊಳೆಯಲು ಬೆಳಕು ಬೇಕು, ಮಣ್ಣಿನಡಿ ಸೇರಿದರೆ ಅಲ್ಲೇ ಉಳಿಯುತ್ತದೆ. ಮೇಲಿನಿಂದ ನೀರೂ ಹಾಕಬಾರದು, ಒಂದು ಲೋಟ ನೀರಿಗೆ ಬೀಜವೆಲ್ಲ ಒಂದು ಮೂಲೆ ಸೇರುತ್ತವೆ. ಕುಂಡವನ್ನು ತಟ್ಟೆಯಲ್ಲಿಟ್ಟು ತಟ್ಟೆಗೆ ಅರ್ಧ ಇಂಚು ನೀರು ಬಿಟ್ಟರೆ ತಾನೇ ಮೇಲಕ್ಕೆ ಏರುತ್ತದೆ. ಮೂರು–ನಾಲ್ಕು ದಿನಕ್ಕೊಮ್ಮೆ ಆ ನೀರು ಚೆಲ್ಲಿ ಹೊಸದು ಹಾಕಿ, ಇಲ್ಲದಿದ್ದರೆ ಸೊಳ್ಳೆ ಮರಿ ಆಗುತ್ತವೆ. ತೇವ ಆರದಂತೆ ಮೇಲೆ ಮುಚ್ಚಲು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪಾರ್ಸೆಲ್ ಬರುವ ಪಾರದರ್ಶಕ ಡಬ್ಬಿಯ ಮುಚ್ಚಳ ಬಹಳ ಚೆನ್ನಾಗಿ ಆಗುತ್ತದೆ. ಮುಚ್ಚಳ ಇರುವಷ್ಟು ದಿನ ನೇರ ಬಿಸಿಲಿಗೆ ಇಡಬೇಡಿ, ಒಳಗೆ ಬೆಂದುಹೋಗುತ್ತವೆ.

ಎರಡು ಮೂರು ವಾರಕ್ಕೆ ಹಸಿರು ಚುಕ್ಕೆಗಳು ಏಳುತ್ತವೆ. ಬೀಜ ಪರೀಕ್ಷೆಗೆ ಇಟ್ಟುಕೊಂಡಿರುವ ಭೂತಗನ್ನಡಿಯಿಂದ ನಾನು ನೋಡುವುದು ಆಗಲೇ. ಮೊದಲು ಎರಡು ಬರಿಯ ದಳ. ಅವುಗಳ ನಡುವಿನಿಂದ ಮೂರನೆಯದಾಗಿ ಬರುವ ಎಲೆಯಲ್ಲೇ, ಸಾಸಿವೆಗಿಂತ ಚಿಕ್ಕದಾದ ಆ ಎಲೆಯಲ್ಲೇ, ನಾಲ್ಕಾರು ಕೂದಲು ಎದ್ದು ಪ್ರತಿಯೊಂದರ ತುದಿಗೂ ಹನಿ ಬಂದಿರುತ್ತದೆ. ಹುಟ್ಟಿದ ಮೊದಲ ಎಲೆಯಿಂದಲೇ ಬೇಟೆ. ದೊಡ್ಡ ಗಿಡಗಳ ಮೇಲೆ ಒಂದು ಸಣ್ಣ ಇರುವೆಯೋ ಗುಂಗುರೋ ಕೂತಾಗ ನೋಡಿ. ಎಲೆಯ ಅಂಚಿನಲ್ಲಿರುವ ಉದ್ದ ಕೂದಲುಗಳು ಕೆಲವೇ ಸೆಕೆಂಡುಗಳಲ್ಲಿ ಒಳಕ್ಕೆ ಬಾಗಿ ಅದನ್ನು ಎಲೆಯ ನಡುವಿಗೆ ತಳ್ಳುತ್ತವೆ. ಡ್ರೋಸೆರಾಗಳಲ್ಲಿ ಇಷ್ಟು ಚುರುಕಾದವು ಕಡಿಮೆ. ಇಂಡಿಕಾ ಅವಸರ ಮಾಡುವುದಿಲ್ಲ, ಅದರ ಉದ್ದ ಎಲೆಯಲ್ಲಿ ಒದ್ದಾಡಿದಷ್ಟೂ ಅಂಟು ಸುತ್ತಿಕೊಳ್ಳುತ್ತದೆ. ಆಮೇಲೆ ಎಲೆ ರಸ ಬಿಟ್ಟು ಮೆತ್ತನೆಯ ಭಾಗವನ್ನೆಲ್ಲ ಕರಗಿಸಿಕೊಳ್ಳುತ್ತದೆ, ಕೆಲವು ದಿನ ಕಳೆದು ನೋಡಿದರೆ ಒಣ ಚಿಪ್ಪು ಮಾತ್ರ.

ತೇವದ ಕುಂಡಕ್ಕೆ ಬರುವ ಸಣ್ಣ ಕಪ್ಪು ನೊಣಗಳ ಮರಿಗಳು ಎಳೆ ಬೇರು ಕತ್ತರಿಸುತ್ತವೆ. ಇದಕ್ಕೆ ಔಷಧಿ ಹೊಡೆಯುವ ಅಗತ್ಯವಿಲ್ಲ. ಬಿತ್ತಿದ ತಟ್ಟೆಯ ನಡುವೆ ಬೆಳೆದ ಡ್ರೋಸೆರಾದ ಒಂದು ಕುಂಡ ಇಟ್ಟರೆ ಆ ನೊಣಗಳು ಅದಕ್ಕೇ ಅಂಟಿಕೊಳ್ಳುತ್ತವೆ.

ಸಸಿಗಳಿಗೆ ಆಹಾರ ಕೊಡಬೇಕೇ ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟವರು ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ. 1860ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನ ಬೀಳುನೆಲದಲ್ಲಿ ಡ್ರೋಸೆರಾದ ಎಲೆಗಳಿಗೆ ಎಷ್ಟೊಂದು ಹುಳುಗಳು ಅಂಟಿವೆ ಅನ್ನುವುದನ್ನು ಗಮನಿಸಿದ ಡಾರ್ವಿನ್, ಹದಿನೈದು ವರ್ಷ ಅದನ್ನು ಬಿಡಲಿಲ್ಲ. ಮಾಂಸದ ಚೂರು, ಮೊಟ್ಟೆಯ ಬಿಳಿ, ಗಾಜಿನ ಚೂರು, ಹೀಗೆ ಒಂದೊಂದನ್ನೇ ಎಲೆಯ ಮೇಲಿಟ್ಟು, ಎಲೆ ಯಾವುದನ್ನು ಹಿಡಿದುಕೊಳ್ಳುತ್ತದೆ, ಯಾವುದನ್ನು ಬೇಗ ಬಿಡುತ್ತದೆ ಎಂದು ನೋಡಿ, 1875ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಆದರೂ ಒಂದು ಅನುಮಾನ ಉಳಿದಿತ್ತು: ಕೀಟ ತಿಂದದ್ದರಿಂದ ಗಿಡಕ್ಕೆ ನಿಜವಾಗಿ ಲಾಭ ಇದೆಯೇ? ಮಗ ಫ್ರಾನ್ಸಿಸ್ ಡಾರ್ವಿನ್ ಗಿಡಗಳನ್ನು ಎರಡು ಪಾಲು ಮಾಡಿ, ಬೇರೆ ಹುಳು ಬರದಂತೆ ಜಾಲರಿ ಮುಚ್ಚಿ, ಒಂದು ಪಾಲಿಗೆ ಮಾತ್ರ ಸುಟ್ಟ ಮಾಂಸದ ತೀರ ಸಣ್ಣ ಚೂರು ಕೊಟ್ಟು ಬೆಳೆಸಿದರು. 1878ರಲ್ಲಿ ಬಂದ ಅವರ ಫಲಿತಾಂಶದಲ್ಲಿ ಎಲೆಗಿಂತಲೂ ದೊಡ್ಡ ವ್ಯತ್ಯಾಸ ಕಂಡದ್ದು ಬೀಜದಲ್ಲಿ. ಊಟ ಸಿಕ್ಕ ಗಿಡಗಳು ಎರಡು ಪಟ್ಟಿಗೂ ಹೆಚ್ಚು ಬೀಜ ಕಟ್ಟಿದ್ದವು. ಬೀಜ ಮಾರುವವನಾಗಿ ಈ ಪ್ರಯೋಗ ನನಗೆ ಬಹಳ ಇಷ್ಟ. ಇಳುವರಿ ಅನ್ನುವುದನ್ನು ಕಣ್ಣಂದಾಜಿಗೆ ಬಿಡದೆ, ಎಣಿಸಿ, ತೂಗಿ ನೋಡಿದರು. ಒಂದೇ ವರ್ಷ ಬದುಕುವ ಗಿಡಕ್ಕಂತೂ ಬೀಜವೇ ಎಲ್ಲ. ಹಾಗಾಗಿ ತಾರಸಿಯಲ್ಲಿ ಹುಳು ಕಡಿಮೆಯಿದ್ದಾಗ ಮೀನಿಗೆ ಹಾಕುವ ಕಾಳನ್ನು ನುಣ್ಣಗೆ ಅರೆದು, ಹಲ್ಲುಕಡ್ಡಿಯ ತುದಿಯಲ್ಲಿ ಎಷ್ಟು ನಿಲ್ಲುತ್ತದೋ ಅಷ್ಟನ್ನು ಎಲೆಗೆ ಸೋಕಿಸುತ್ತೇನೆ. ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ.

ಕಾಯಿ ಕಂದು ಬಣ್ಣಕ್ಕೆ ತಿರುಗಿದಾಗ ಕಡ್ಡಿಯನ್ನು ಬಾಗಿಸಿ ಬಟರ್ ಪೇಪರಿನ ಮೇಲೆ ತಟ್ಟಿದರೆ ಬೀಜ ಸುರಿಯುತ್ತದೆ. ಬರ್ಮನ್ನಿಗೆ ದುಂಬಿ, ಜೇನು ಬೇಕಿಲ್ಲ, ತನಗೆ ತಾನೇ ಪರಾಗ ಕಟ್ಟಿಕೊಳ್ಳುತ್ತದೆ. ಪೊಟ್ಟಣ ಮಾಡಿ ತೇವ ತಾಗದಂತೆ ಡಬ್ಬಿಯಲ್ಲಿಡಿ. ಚಳಿದೇಶದ ಬೀಜಗಳನ್ನು ಫ್ರಿಜ್ಜಿನಲ್ಲಿಡಿ ಅನ್ನುತ್ತಾರೆ, ನಾನು ಇವನ್ನು ಇಡುವುದಿಲ್ಲ. ಮಾರ್ಚ್–ಏಪ್ರಿಲಿನ ಕಾವು ಉಂಡ ಬೀಜವೇ ನನ್ನ ತಾರಸಿಯಲ್ಲಿ ಚೆನ್ನಾಗಿ ಹುಟ್ಟುತ್ತದೆ. ಇಂಡಿಕಾಗಂತೂ ಆ ಕಾವು ಬೇಕೇ ಬೇಕು ಅನ್ನುವುದು ನನ್ನ ಅನುಭವ, ಅದೇ ವರ್ಷದ ಹಸಿ ಬೀಜ ಬಿತ್ತಿದರೆ ಮೊಂಡು ಹಿಡಿದು ಕೂರುತ್ತದೆ.

ಇವೆರಡು ಕೈಗೆ ಹತ್ತಿದ ಮೇಲೆ ದಕ್ಷಿಣ ಆಫ್ರಿಕಾದ ಡ್ರೋಸೆರಾ ಕೇಪೆನ್ಸಿಸ್ ನೋಡಬಹುದು, ಅದೂ ಸುಲಭ, ಬೇಸಿಗೆಯಲ್ಲಿ ಹಸಿರು ಬಲೆಯ ನೆರಳು ಮತ್ತು ತಟ್ಟೆಯಲ್ಲಿ ನೀರು ತಪ್ಪದಿದ್ದರೆ ವರ್ಷಗಟ್ಟಲೆ ಇರುತ್ತದೆ. ಹೂಜಿ ಗಿಡವೇ ಬೇಕು ಅನ್ನುವವರಿಗೆ ಮೇಘಾಲಯದ ನೆಪೆಂಥಿಸ್ ಖಾಸಿಯಾನಾ ಇದೆ, ಭಾರತದಲ್ಲಿ ತಾನಾಗಿ ಬೆಳೆಯುವ ಒಂದೇ ಹೂಜಿ ಗಿಡ. ಕಾಡಿನಿಂದ ಕಿತ್ತು ಮಾರುವುದು ಅಪರಾಧ, ನರ್ಸರಿಯಲ್ಲಿ ಬೆಳೆಸಿದ್ದೇ ಆಗಬೇಕು. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಎರಡೂ ಒಟ್ಟಿಗೆ ಹೂ ಬಿಟ್ಟರೆ ಮಾತ್ರ ಬೀಜ. ಬೀಜ ನೂಲಿನ ತುಂಡಿನ ಹಾಗಿದ್ದು ಬೇಗ ಸತ್ವ ಕಳೆದುಕೊಳ್ಳುತ್ತದೆ, ಕೈಗೆ ಬಂದ ದಿನವೇ ಬಿತ್ತಬೇಕು. ಶಿವರಾತ್ರಿ ಕಳೆದ ಮೇಲೆ ನಮ್ಮ ಒಣಗಾಳಿಗೆ ಅದು ಹೊಸ ಹೂಜಿ ಕಟ್ಟುವುದನ್ನು ನಿಲ್ಲಿಸುತ್ತದೆ, ಮುಂಗಾರಿಗೆ ಮತ್ತೆ ಶುರು ಮಾಡುತ್ತದೆ. ಆ ನಡುವೆ ಗಾಬರಿಯಾಗಿ ಕುಂಡ ಬದಲಿಸಲು ಹೋಗಬೇಡಿ.

ನನ್ನ ಮೊದಲ ಬೀಜ ಬಂದದ್ದು ಕೊರಟಗೆರೆ ಕಡೆ ಇರುವ ಸೋದರಮಾವನ ಹೊಲದ ಅಂಚಿನ ಬಂಡೆಯಿಂದ. ದೇವರಾಯನದುರ್ಗದ್ದು ಅರಣ್ಯ, ಅಲ್ಲಿಂದ ಏನನ್ನೂ ತರುವಂತಿಲ್ಲ, ತರಬಾರದು. ಸ್ವಂತ ಜಮೀನಿನಲ್ಲೂ ಗಿಡ ಕೀಳುವ ಅಗತ್ಯವಿಲ್ಲ, ಒಂದೆರಡು ಕಾಯಿ ಸಾಕು, ಉಳಿದದ್ದು ಅಲ್ಲೇ ಉದುರಲಿ. ಇಂಥ ಹಾಸುಬಂಡೆಗಳನ್ನು ಕಾಗದಪತ್ರದಲ್ಲಿ ಖರಾಬು ಅನ್ನುತ್ತಾರೆ. ಚಿಕ್ಕಬಳ್ಳಾಪುರದಲ್ಲೂ ನಮ್ಮಲ್ಲೂ ಎಷ್ಟೋ ಬಂಡೆಗಳು ಜಲ್ಲಿಯಾಗಿ ಹೋದವು. ಬಂಡೆ ಹೋದರೆ ಅದರ ಬುಡದ ಒದ್ದೆ ಪಟ್ಟಿಯೂ ಹೋಗುತ್ತದೆ. ಈ ಗಿಡಗಳು ಅಲ್ಲಿದ್ದವು ಅನ್ನುವುದು ಕೂಡ ಯಾರಿಗೂ ಗೊತ್ತಾಗುವುದಿಲ್ಲ.

ಮಾವನ ಬಂಡೆಗೆ ಕ್ವಾರಿಯ ಭಯ ಸದ್ಯಕ್ಕಿಲ್ಲ. ಅಲ್ಲಿ ನಾನು ಗಮನಿಸಿದ್ದು ಬೇರೆ. ಪಟ್ಟಿಯ ಪೂರ್ವದ ಭಾಗಕ್ಕೆ ಮೇಲಿನಿಂದ ಬರುವುದು ಬರೀ ಬಂಡೆಯ ನೀರು, ಅಲ್ಲಿ ಡ್ರೋಸೆರಾ ಹಾಸಿದಂತೆ ಇರುತ್ತದೆ. ಪಶ್ಚಿಮದ ಭಾಗಕ್ಕೆ ಮಾವನ ರಾಗಿ ಹೊಲದ ನೀರು ಬಸಿದು ಬರುತ್ತದೆ, ಅಲ್ಲಿ ಮೊಣಕಾಲುದ್ದ ಹುಲ್ಲು, ಡ್ರೋಸೆರಾ ಒಂದೂ ಇಲ್ಲ. ಎರಡೂ ಕಡೆಯ ನೀರಿಗೆ ಮೀಟರ್ ಅದ್ದಿ ಮಾವನಿಗೆ ತೋರಿಸಿದೆ. ಹೊಲದ ಕಡೆಯ ಅಂಕಿ ಎಷ್ಟೋ ಮೇಲೆ. ಹುಲ್ಲಿಗೆ ಸಾರ ಸಿಕ್ಕಿದೆ, ಎತ್ತರ ಬೆಳೆದು ನೆರಳು ಮಾಡಿದೆ, ನೆಲಕ್ಕಂಟಿ ಬಿಸಿಲು ಕಾಯುವ ಗಿಡ ಅದರಡಿ ಉಳಿಯಲಿಲ್ಲ. ಆ ಯೂರಿಯಾ ಹೋದದ್ದು ನನ್ನ ಅಂಗಡಿಯಿಂದಲೇ.

‘ಬಂಡೆ ಪಕ್ಕದ ನಾಲ್ಕು ಸಾಲಿಗೆ ಮೇಲುಗೊಬ್ಬರ ಬೇಡ ಮಾವ’ ಅಂದೆ.

‘ನಾಲ್ಕು ಸಾಲು ಬೀಳು ಬಿಡೋಕೆ ಆಗುತ್ತೇನಪ್ಪ?’ ಅಂದರು. ಬಂಡೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೆಂಪು ಎಲೆಗಳನ್ನು ಸ್ವಲ್ಪ ಹೊತ್ತು ನೋಡಿದರು. ಚಿಕ್ಕಂದಿನಿಂದ ಅದೇ ಹೊಲದಲ್ಲಿ ಓಡಾಡಿದವರು, ಇವು ಇರುವೆ ಹಿಡಿಯುತ್ತವೆ ಅಂತ ಅವರಿಗೂ ಗೊತ್ತಿರಲಿಲ್ಲ. ‘ಹೋಗ್ಲಿ ಬಿಡು, ಅಷ್ಟಕ್ಕೂ ಹುರುಳಿ ಎರಚ್ತೀನಿ’ ಅಂದರು.

ಹುರುಳಿಗೆ ಗೊಬ್ಬರ ಕೇಳಿಕೊಂಡು ನಮ್ಮ ಅಂಗಡಿಗೆ ಇಲ್ಲಿಯವರೆಗೆ ಯಾರೂ ಬಂದಿಲ್ಲ.